ಪುತಳಾಬಾಯಿ ಸೂರು ಬಿಡುವ ದಿನ

ಕಮಲಾಪುರದಲ್ಲಿ ಪುತಳಾಬಾಯಿ ಎಂಬ ಹೆಸರಿನವರು ಮೂರ್ನಾಲ್ಕು ಜನ ಇದ್ದಾರು. ಆದರೆ ‘ಹೊರಗ ಕುಂದರೋ ಪುತಳಾಬಾಯಿ ಮನಿ ಯಾವ್ದು’ ಅಂತ ಕೇಳಿ ನೋಡಿ, ಬಸ್ ಸ್ಟ್ಯಾಂಡಿನ ಚಹಾದಂಗಡಿಯವನು ಸೋಸುವ ಕೈ ನಿಲ್ಲಿಸದೆ ಗದ್ದ ಎತ್ತಿ ಒಂದೇ ಓಣಿ ತೋರಿಸುತ್ತಾನೆ. ವರ್ಷಕ್ಕೊಮ್ಮೆ ಸೆಪ್ಟೆಂಬರ್ ಮೂವತ್ತು ಬಂತೆಂದರೆ ಈ ಹೆಂಗಸು ಮನೆಗೆ ಕೀಲಿ ಜಡಿದು, ಗಂಡ, ಮಗ, ಆಡು, ಕೋಳಿ ಸಮೇತ ಊರಾಚೆಯ ತನ್ನ ಕೆಂಪು ಬಾಳೆತೋಟಕ್ಕೆ ಹೋಗಿ ಬಯಲಲ್ಲಿ ಕೂತುಬಿಡುತ್ತಾಳೆ. ಹಿಂದಿನ ಸಂಜೆ ಹೊರಬಿದ್ದರೆ ಅಕ್ಟೋಬರ್ ಒಂದರ ಬೆಳಕು ಹರಿದ ಮೇಲೇ ಮನೆಯ ಹೊಸ್ತಿಲು. ಆ ಒಂದು ದಿನ ಅವಳ ಮನೆಯವರ ತಲೆಯ ಮೇಲೆ ಯಾವ ಸೂರೂ ಇರಕೂಡದು. ಮಳೆ ಹೊಡೆದರೆ ಗೊಬ್ಬರದ ಚೀಲವನ್ನು ಕೊಪ್ಪೆ ಮಾಡಿ ಹೊದ್ದು ನೆನೆಯಬೇಕೇ ಹೊರತು ಹನುಮಪ್ಪನ ಗುಡಿಯೊಳಗೂ ಕಾಲಿಡುವಂತಿಲ್ಲ.

ಊರು ನಕ್ಕಿತು. ಎಷ್ಟಂತ ನಕ್ಕೀತು? ಬರಬರುತ್ತ ‘ನಾಳಿ ನಿಮ್ಮ ಹಬ್ಬ ಅಲ್ಲೇನು, ನಮಗೂ ನಾಕು ರೊಟ್ಟಿ ಕಟ್ಟು’ ಅನ್ನುವಲ್ಲಿಗೆ ಬಂದು ನಿಂತಿತು. ಗಂಡ ಭಾಗಪ್ಪ ಮೊದಲಿನಿಂದ ಹೂಂ ಅನ್ನುವ ಆಸಾಮಿ. ಹೆಂಡತಿ ಬಯಲಲ್ಲಿ ಕೂರು ಅಂದರೆ ಕೂತ, ಏಳು ಅಂದರೆ ಎದ್ದ. ಅವನು ನಗದೇ ಇದ್ದುದಕ್ಕೆ ಕಾರಣವಿತ್ತು.

ತೊಂಬತ್ಮೂರನೇ ಇಸವಿಯಲ್ಲಿ ಪುತಳಾಬಾಯಿ ಎರಡನೇ ಬಾಣಂತನಕ್ಕೆಂದು ತವರಿಗೆ ಹೋಗಿದ್ದಳು. ತವರು ಗಡಿಯಾಚೆ, ಕಿಲ್ಲಾರಿಯ ಮಗ್ಗುಲ ಒಂದು ಹಳ್ಳಿ. ಜೊತೆಗೆ ಇನ್ನೂ ಶಾಲೆಗೆ ಹಾಕದ ಮಗಳು ಸುವರ್ಣಾ. ಗಣಪತಿಯನ್ನು ನೀರಿಗೆ ಬಿಟ್ಟು ಬಂದು ಊರೆಲ್ಲ ದಣಿದು ಮಲಗಿತ್ತು. ಅಜ್ಜಿ ಮೊಮ್ಮಗಳು ಒಳಗೆ, ಕಲ್ಲು ಮಣ್ಣಿನ ದಪ್ಪ ಮಾಳಿಗೆಯ ಕೆಳಗೆ. ತುಂಬಿದ ಬಸುರಿಗೆ ಸೆಕೆ ತಡೆಯಲಾಗದೆ ಇವಳೊಬ್ಬಳು ಕೌದಿ ಎಳೆದುಕೊಂಡು ಅಂಗಳಕ್ಕೆ ಬಂದಿದ್ದಳು. ಬೆಳಗಿನ ಜಾವ ಭೂಮಿ ನಡುಗಿತು. ಅವಳು ಎದ್ದು ಕೂರುವಷ್ಟರಲ್ಲಿ ಮನೆ ಇದ್ದಲ್ಲಿ ಬರೀ ಧೂಳಿತ್ತು. ಉಳಿದವರು ಬರಿಗೈಯಲ್ಲಿ ಕಲ್ಲು ಸರಿಸುತ್ತಿರುವಾಗಲೇ ಇವಳಿಗೆ ನೋವು ಶುರುವಾಯಿತು. ಜೋಳದ ಹೊಲದ ಬದುವಿನಲ್ಲಿ, ಹೆಸರೂ ಗೊತ್ತಿಲ್ಲದ ಒಬ್ಬ ಹೆಂಗಸಿನ ಕೈಯಲ್ಲಿ, ಅದೇ ಸೆಪ್ಟೆಂಬರ್ ಮೂವತ್ತರ ಮಧ್ಯಾಹ್ನ ಗಂಡುಮಗು ಹುಟ್ಟಿತು. ಅದೇ ಸಿದ್ದಣ್ಣ.

ಮಗ ಹುಟ್ಟಿದ್ದು ಆ ದಿನವೇ ಅಂತ ಅವಳು ಕಮಲಾಪುರದಲ್ಲಿ ಯಾರಿಗೂ ಹೇಳಲಿಲ್ಲ, ಭಾಗಪ್ಪನ ಹೊರತು. ಅವಳ ಅತ್ತೆಯ ನಾಲಿಗೆ ಎಂಥದ್ದು ಅಂತ ಅವಳಿಗೆ ಗೊತ್ತಿತ್ತು. ಅಕ್ಕನನ್ನೂ ಅಜ್ಜಿಯನ್ನೂ ನುಂಗಿ ಹುಟ್ಟಿದ ಕೂಸು, ಇದರ ಕಾಲ್ಗುಣ ನೋಡು ಅಂತ ಆ ಮುದುಕಿ ಒಮ್ಮೆ ಅಂದಿದ್ದರೆ ಸಾಕಿತ್ತು, ಹುಡುಗ ಸಾಯುವತನಕ ಅದನ್ನು ಹೊತ್ತು ತಿರುಗಬೇಕಿತ್ತು. ಹಾಗಾಗಿ ಭೂಕಂಪವಾಗಿ ಕೆಲವು ದಿನದ ಮೇಲೆ, ನಿರಾಶ್ರಿತರ ಡೇರೆಯಲ್ಲಿ ಹುಟ್ಟಿದ ಅಂದಳು. ಮುಂದೆ ಶಾಲೆಗೆ ಹಾಕುವಾಗ ಮಾಸ್ತರರು ಕೇಳಲೂ ಇಲ್ಲ, ಜೂನ್ ಒಂದು ಅಂತ ಬರೆದುಕೊಂಡರು. ನಮ್ಮ ಕಡೆ ಜೂನ್ ಒಂದಕ್ಕೆ ಹುಟ್ಟದವರು ಯಾರಿದ್ದಾರೆ ಹೇಳಿ? ಅರ್ಧ ಜಿಲ್ಲೆಯ ಹುಟ್ಟುಹಬ್ಬ ಒಂದೇ ದಿನ, ಯಾರಿಗೂ ಅನುಮಾನ ಬರುವುದಿಲ್ಲ.

ಹುಟ್ಟಿದ್ದನ್ನು ಮುಚ್ಚಿಟ್ಟಳು ಸರಿ, ಸತ್ತದ್ದನ್ನು ಮುಚ್ಚಿಡಲಿಲ್ಲ. ಮಗನಿಗೆ ತುತ್ತು ಇಡುವಾಗ, ತಲೆ ಬಾಚುವಾಗ ಆ ದಿನದ ಕತೆಯನ್ನೇ ಹೇಳಿದಳು. ಆ ತಾರೀಖು ನಮ್ಮ ಮನೆಯನ್ನು ಗುರುತಿಟ್ಟುಕೊಂಡಿದೆ ಅಂದಳು. ಅದನ್ನು ಗಟ್ಟಿ ಮಾಡುವುದಕ್ಕೋ ಎಂಬಂತೆ ಎರಡು ಸಾವಿರದ ಒಂಬತ್ತರ ದೊಡ್ಡ ಮಳೆ ಬಂತು. ಸೆಪ್ಟೆಂಬರ್ ಮೂವತ್ತು, ಆಕಾಶ ತೂತು ಬಿದ್ದಂತೆ ಸುರಿಯುತ್ತಿತ್ತು, ಇಂಥಾದ್ದರಲ್ಲೂ ಬಯಲೇ ಅಂತ ಭಾಗಪ್ಪ ಮೊದಲ ಬಾರಿ ಗೊಣಗಿದ. ಎಲ್ಲರನ್ನೂ ಎಳೆದುಕೊಂಡು ಹೋಗಿ ಬಾಳೆಯ ನಡುವೆ ಕೂರಿಸಿದಳು. ಮರುದಿನ ಬಂದು ನೋಡಿದರೆ ಹಿತ್ತಲ ಗೋಡೆ, ಸಿದ್ದಣ್ಣ ದಿನಾ ಮಲಗುವ ಜಾಗದ ಮೇಲೆ, ಪೂರ್ತಿ ಕೂತುಬಿಟ್ಟಿತ್ತು. ಅಂದಿನಿಂದ ಊರಿನ ನಗು ಸ್ವಲ್ಪ ಕಡಿಮೆಯಾಯಿತು. ಹುಡುಗನ ಎದೆಯಲ್ಲಿ ಮಾತ್ರ ಆ ದಿನ ಮೊಳೆ ಹೊಡೆದ ಹಾಗೆ ಕೂತಿತು.

ಸಿದ್ದಣ್ಣ ಬೆಳೆದು ಕಮಲಾಪುರ–ಕಲಬುರಗಿ ನಡುವೆ ಟಂಟಂ ಆಟೋ ಓಡಿಸತೊಡಗಿದ. ಮೂವತ್ತರಂದು ಗಾಡಿ ಹೊರಗೆ ತೆಗೆಯುತ್ತಿರಲಿಲ್ಲ, ಟಂಟಂಗೂ ಒಂದು ಟಾಪ್ ಇರುತ್ತದಲ್ಲ. ಕೈಗೆ ಮೊಬೈಲ್ ಬಂದ ಮೇಲೆ ತಾಯಿಗಿಂತ ಒಂದು ಹೆಜ್ಜೆ ಮುಂದೆ ಹೋದ. ಇತಿಹಾಸದಲ್ಲಿ ಈ ದಿನ ಅಂತ ಬರುತ್ತವಲ್ಲ, ಅವನ್ನೆಲ್ಲ ಹುಡುಕಿ ಓದಿ ಬಾಯಿಪಾಠ ಮಾಡಿಕೊಂಡ. ಎರಡು ಸಾವಿರದ ಒಂದರಲ್ಲಿ ಕೇಂದ್ರದ ಮಾಜಿ ಮಂತ್ರಿಯೊಬ್ಬರ ವಿಮಾನ ಬಿದ್ದದ್ದು ಸೆಪ್ಟೆಂಬರ್ ಮೂವತ್ತು. ಎಂಟರಲ್ಲಿ ಜೋಧಪುರದ ದೇವಿ ಗುಡಿಯಲ್ಲಿ ಕಾಲ್ತುಳಿತಕ್ಕೆ ಸಿಕ್ಕು ನೂರಾರು ಜನ ಸತ್ತದ್ದು ಸೆಪ್ಟೆಂಬರ್ ಮೂವತ್ತು. ನಮ್ಮ ಗೋಡೆ ಬಿದ್ದ ದಿನವೇ ಅತ್ತ ಸುಮಾತ್ರಾದಲ್ಲಿ ಭೂಕಂಪ. ಮರುವರ್ಷ ಅದೇ ತಾರೀಖಿಗೆ ಅಯೋಧ್ಯೆಯ ತೀರ್ಪು ಬರುತ್ತದೆಂದು ಶಾಲೆ ಬಂದ್, ಕಲಬುರಗಿಯ ದರ್ಗಾ ಸುತ್ತಲಿನ ರೋಜಾ ಓಣಿಯ ಅಂಗಡಿಗಳೆಲ್ಲ ಬಂದ್, ಓಣಿಗೊಬ್ಬ ಪೊಲೀಸ್. ಅಂದು ಕಲಬುರಗಿಯಲ್ಲಿ ಒಂದು ಕಲ್ಲೂ ಬೀಳಲಿಲ್ಲ, ಆದರೂ ಅದನ್ನೂ ಆ ದಿನದ ಲೆಕ್ಕಕ್ಕೇ ಸೇರಿಸಿದ. ಬೇರೆ ಯಾವ ತಾರೀಖನ್ನು ಹಿಡಿದು ಅಗೆದಿದ್ದರೂ ಇಷ್ಟೇ ಹೆಣ ಸಿಗುತ್ತಿದ್ದವು ಅಂತ ಅವನಿಗೆ ಯಾರೂ ಹೇಳಲಿಲ್ಲ.

ಇಂಥ ಮನೆಗೆ ರಾಜೇಶ್ರೀ ಸೊಸೆಯಾಗಿ ಬಂದಳು. ತಾಯಿ ಇಲ್ಲದ ಹುಡುಗಿ. ಹಾಗಾಗಿ ಚೊಚ್ಚಲ ಬಾಣಂತನವೂ ಅತ್ತೆಯ ಪಾಲಿಗೇ ಬಂತು, ಪುತಳಾಬಾಯಿ ಅದನ್ನು ಖುಷಿಯಿಂದಲೇ ಹೊತ್ತಳು. ಕಲಬುರಗಿಯ ಜೇವರ್ಗಿ ಕಾಲೋನಿಯ ಒಂದು ಆಸ್ಪತ್ರೆಯಲ್ಲಿ ತಪ್ಪದೆ ತೋರಿಸುತ್ತ ಬಂದರು. ಕಳೆದ ವರ್ಷದ ಸೆಪ್ಟೆಂಬರ್ ಇಪ್ಪತ್ತೊಂಬತ್ತರ ಮಧ್ಯಾಹ್ನ, ಎಂದಿನ ತಪಾಸಣೆ ಅಂತ ಹೋದಾಗ, ಡಾಕ್ಟರ್ ಅಂಬಿಕಾ ಬಸುರಿಯ ಬಿ.ಪಿ. ನೋಡಿದವರೇ ಮುಖ ಗಂಟಿಕ್ಕಿದರು. ರಾಜೇಶ್ರೀಯ ಕಾಲು ಒತ್ತಿದರೆ ಬೆರಳಿನ ಗುಳಿ ಹಾಗೇ ಉಳಿಯುತ್ತಿತ್ತು. ಈಗಲೇ ಅಡ್ಮಿಟ್ ಆಗಬೇಕು, ನಾಳೆ ಮುಂಜಾನೆಯೇ ಆಪರೇಷನ್ ಮಾಡಿ ಕೂಸನ್ನು ತೆಗೆಯಬೇಕು, ತಡ ಮಾಡಿದರೆ ಫಿಟ್ಸ್ ಬರಬಹುದು, ಬಂದರೆ ಇಬ್ಬರ ಜೀವಕ್ಕೂ ನನ್ನ ಕೈಯಲ್ಲಿ ಭರವಸೆ ಇಲ್ಲ ಅಂದರು.

ಪುತಳಾಬಾಯಿಗೆ ಕೇಳಿಸಿದ್ದು ‘ನಾಳೆ’ ಒಂದೇ. ಆಪರೇಷನ್ ಕೋಣೆ ಮೂರನೇ ಮಹಡಿಯಲ್ಲಿತ್ತು, ಅದರ ಮೇಲೆ ಇನ್ನೂ ಎರಡು. ಒಂದು ದಿನ ಬಿಟ್ಟು ನಾಡಿದ್ದು ಮಾಡಿ, ಕೈ ಮುಗೀತೀನಿ ಅಂದಳು. ಡಾಕ್ಟರ್ ಮೊದಲು ತಿಳಿಸಿ ಹೇಳಿದರು, ಆಮೇಲೆ ಬೈದರು, ಕೊನೆಗೆ ಸಿದ್ದಣ್ಣನ ಕಡೆ ತಿರುಗಿ ನೀನಾದರೂ ಹೇಳಪ್ಪ ಅಂದರು. ಸಿದ್ದಣ್ಣ ತಾಯಿಯ ಮುಖ ನೋಡಿದ. ರಾಜೇಶ್ರೀಯನ್ನು ಯಾರೂ ಕೇಳಲಿಲ್ಲ. ಗುಳಿಗೆ ಕಟ್ಟಿಸಿಕೊಂಡು ಮೂವರೂ ಮೆಟ್ಟಿಲಿಳಿದು ಬಂದರು.

ಪುತಳಾಬಾಯಿ ಹಟಮಾರಿ, ಆದರೆ ದಡ್ಡಿಯಲ್ಲ. ಕಮಲಾಪುರಕ್ಕೆ ಹೋದರೆ ಆಸ್ಪತ್ರೆ ದೂರವಾಗುತ್ತದೆ ಅಂತ ಅವಳಿಗೂ ಗೊತ್ತಿತ್ತು. ಕಲಬುರಗಿಯಲ್ಲೇ ಇರಬೇಕು, ಆದರೆ ಸೂರಿನ ಕೆಳಗೆ ಇರಬಾರದು. ರೋಜಾದಲ್ಲಿ ಖುರ್ಷೀದ್ ಬೇಗಂ ನೆನಪಾದಳು. ದರ್ಗಾದ ಬೀದಿಯಲ್ಲಿ ಹೂವು, ಚಾದರ ಮಾರುವ ಹೆಂಗಸು. ಪುತಳಾಬಾಯಿ ಎಷ್ಟೋ ವರ್ಷ ಗುರುವಾರ ಗುರುವಾರ ಅವಳ ಅಂಗಡಿಯ ಮಗ್ಗುಲಲ್ಲೇ ಬುಟ್ಟಿ ಇಟ್ಟು ಕೆಂಪು ಬಾಳೆಹಣ್ಣು ಮಾರಿದ್ದಳು. ಅವಳ ಮನೆಯ ಮುಂದೆ ಬೇವಿನಮರದ ದೊಡ್ಡ ಅಂಗಳ, ಉರುಸಿಗೆ ಬಂದ ಜನ ಅಲ್ಲೇ ಚಾಪೆ ಹಾಸಿ ಮಲಗುವುದು ರೂಢಿ. ಅಲ್ಲಿ ಒಂದು ರಾತ್ರಿ, ಒಂದು ಹಗಲು ಕಳೆದುಬಿಟ್ಟರೆ ಆಯಿತು, ತಾರೀಖು ಉರುಳಿದ ಕೂಡಲೇ ಆಸ್ಪತ್ರೆ. ಆಡು, ಕೋಳಿ ಹೊಡೆದುಕೊಂಡು ನೀನೊಬ್ಬನೇ ತೋಟಕ್ಕೆ ಹೋಗಿ ಕೂರು ಅಂತ ಭಾಗಪ್ಪನಿಗೆ ಫೋನಿನಲ್ಲಿ ಹೇಳಿಸಿದಳು. ತನ್ನ ಜಾಣತನಕ್ಕೆ ಅವಳಿಗೇ ಸಮಾಧಾನವಾಯಿತು.

ಮೂವತ್ತರ ಬೆಳಿಗ್ಗೆ ಆ ಅಂಗಳದಲ್ಲೇ ರಾಜೇಶ್ರೀ ಎದ್ದು ಕೂತು ಚಹಾ ಕುಡಿದಳು, ಚೆನ್ನಾಗೇ ಇದ್ದೀನಿ ಅಂದಳು. ಖುರ್ಷೀದ್ ಬೇಗಂ ಮಾತ್ರ ಅವಳ ಪಾದ ನೋಡಿದ್ದೇ ಹೂವಿನ ಬುಟ್ಟಿ ಕೆಳಗಿಟ್ಟಳು. ಡಾಕ್ಟರ್ ಏನಂದರು ಅಂತ ಕೆದಕಿ ಕೆದಕಿ ಕೇಳಿ ತಿಳಿದುಕೊಂಡು, ಗೆಳತಿಯನ್ನು ಬಾವಿಕಟ್ಟೆಯ ಹತ್ತಿರ ಕರೆದೊಯ್ದಳು.

“ಪುತಳಾ, ನಮ್ಮ ಮನಿಯವ್ರು ತೀರಿಕೊಂಡ ದಿನ ನಾವು ಚಾಂದ್ ನೋಡಿ ಮಾಡ್ತೀವಿ. ಅದು ವರ್ಷಾ ಹತ್ತು ದಿನ ಹಿಂದ ಸರೀತದ, ಒಮ್ಮೆ ಥಂಡ್ಯಾಗ ಬರ್ತದ, ಒಮ್ಮೆ ಬ್ಯಾಸಿಗ್ಯಾಗ ಬರ್ತದ. ಪೂರಾ ವರ್ಷ ತಿರುಗಿ ಬಂದದ ಅದು. ಹಂಗಾರ ನಾ ಯಾವ ತಾರೀಖಿಗೆ ಅಂಜಲಿ, ನೀನೇ ಹೇಳು.”

ನಿಮ್ಮ ಲೆಕ್ಕ ಬೇರೆ, ನಮ್ಮ ಲೆಕ್ಕ ಬೇರೆ ಅಂತ ಪುತಳಾಬಾಯಿ ಹಾರಿಸಿಬಿಟ್ಟಳು. ಆದರೆ ಅಂಗಳಕ್ಕೆ ಮರಳುವಾಗ ಅವಳ ಹೆಜ್ಜೆ ಮೊದಲಿನಷ್ಟು ಗಟ್ಟಿ ಇರಲಿಲ್ಲ. ಭೂಕಂಪಕ್ಕೆ ಮುಂಚೆ ತನಗೂ ತಾರೀಖು ಅಂತ ಒಂದಿತ್ತೇ ಅಂತ ಯೋಚಿಸಿದಳು. ಅಮಾವಾಸ್ಯೆ, ಹುಣ್ಣಿಮೆ, ಸಂತೆಯ ದಿನ, ಇಷ್ಟೇ ಇದ್ದದ್ದು. ಸೆಪ್ಟೆಂಬರ್ ಮೂವತ್ತು ಅಂತ ಅವಳಿಗೆ ಕಲಿಸಿದ್ದು ಡೇರೆಯಲ್ಲಿ ಹೆಸರು ಬರೆದುಕೊಳ್ಳಲು ಬಂದ ಸರ್ಕಾರದ ಮಂದಿ.

ಬಿಸಿಲು ಏರಿತು. ರಾಜೇಶ್ರೀ ತಲೆನೋವು ಅಂದಳು, ಸೆರಗಿನಿಂದ ಹಣೆ ಬಿಗಿದುಕೊಂಡು ಬೇವಿನ ಬುಡಕ್ಕೆ ಒರಗಿದಳು. ಸಿದ್ದಣ್ಣ ಅವಳ ಮಗ್ಗುಲಲ್ಲಿ ಕುಕ್ಕುರುಗಾಲಲ್ಲಿ ಕೂತು, ಅವಳಿಗೆ ಧೈರ್ಯ ಹೇಳುವುದಕ್ಕೋ ತನಗೆ ತಾನೇ ಹೇಳಿಕೊಳ್ಳುವುದಕ್ಕೋ, ಮೊಬೈಲ್ ತೆಗೆದು ಅದೇ ಹಳೆಯ ಪಾಠ ಶುರುಮಾಡಿದ. ವಿಮಾನ, ಕಾಲ್ತುಳಿತ, ಸುಮಾತ್ರಾ, ಕಿಲ್ಲಾರಿ. ಹೊರಗೆ ಕೂತಿದ್ದೇವೆ, ನಮಗೇನೂ ಆಗುವುದಿಲ್ಲ, ಇವತ್ತೊಂದು ದಿನ ತಡಕೋ ಅಂದ. ಅವಳು ಕಣ್ಣು ಮುಚ್ಚಿಕೊಂಡೇ ಎಲ್ಲ ಕೇಳಿಸಿಕೊಂಡಳು.

“ಆ ದಿವಸ ಬರೀ ಸತ್ತಾರೇನ್ರೀ?” ಅಂದಳು. “ಯಾರೂ ಹುಟ್ಟೇ ಇಲ್ಲೇನು?”

ಕೊಂಕಿರಲಿಲ್ಲ ಆ ಮಾತಿನಲ್ಲಿ. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ತನ್ನೊಳಗಿನ ಕೂಸಿನ ಪರವಾಗಿ ಕೇಳಿದಂತಿತ್ತು. ಸಿದ್ದಣ್ಣ ಉತ್ತರ ಹುಡುಕುತ್ತ ಮೊಬೈಲ್ ಮೇಲೆ ಬೆರಳಾಡಿಸಿದ. ಉತ್ತರ ಅಲ್ಲೇ, ಮೊಬೈಲ್ ಹಿಡಿದುಕೊಂಡು ಕೂತಿತ್ತು. ಅದು ಗೊತ್ತಿದ್ದವಳು ಆ ಅಂಗಳದಲ್ಲಿ ಪುತಳಾಬಾಯಿಯೊಬ್ಬಳೇ.

ಹೊತ್ತು ನೆತ್ತಿಯಿಂದ ಸ್ವಲ್ಪ ವಾಲಿರಬೇಕು, ರಾಜೇಶ್ರೀ ಕಣ್ಣು ತೆರೆದು, ಅತ್ತೀ, ಈ ಬೇವಿನಮರ ಎರಡೆರಡು ಕಾಣಾಕತ್ಯಾವ ಅಂದಳು. ಕಣ್ಣೊಳಗೆ ಮಿಂಚು ಹೊಡೆದಂತಾಗುತ್ತಿದೆ ಅಂದಳು. ಮುಖ ಊದಿ, ಉಂಗುರದ ಬೆರಳು ನೀಲಿಗಟ್ಟಿತ್ತು. ಇದೇ, ಡಾಕ್ಟರ್ ಹೇಳಿದ್ದು ಇದೇ. ಇಷ್ಟು ವರ್ಷ ಸೂರು ಬೀಳುತ್ತದೆ ಅಂತ ಕಾದಿದ್ದ ಪುತಳಾಬಾಯಿಯ ಕಣ್ಣೆದುರೇ, ಸೂರೇ ಇಲ್ಲದ ಕಡೆ, ಅವಳೇ ಕರೆತಂದು ಕೂರಿಸಿದ ಜಾಗದಲ್ಲಿ, ಸೊಸೆ ಜಾರಿ ಹೋಗುತ್ತಿದ್ದಳು. ಗಾಡಿ ತಗಿ, ದವಾಖಾನೆಗೆ ನಡಿ ಅಂತ ಮಗನಿಗೆ ಹೇಳಿದಳು.

ಸಿದ್ದಣ್ಣ ಏಳಲಿಲ್ಲ.

ಅವಳು ಮತ್ತೆ ಹೇಳಿದಳು. ಅವನು ತಲೆಯಾಡಿಸಿದ. ಆ ಗೋಡೆ ನೆನಪಿಲ್ಲವೇ, ಅಂದು ನೀನು ಎಳೆದುಕೊಂಡು ಹೋಗದಿದ್ದರೆ ನಾನು ಎಲ್ಲಿರುತ್ತಿದ್ದೆ ಅಂತ ಅವಳನ್ನೇ ಕೇಳಿದ. ಗುಳಿಗೆ ಕೊಟ್ಟಿದ್ದಾರೆ, ಅರ್ಧ ದಿನ ಕಳೆದಿದೆ, ಇನ್ನರ್ಧ ಕಳೆದರೆ ಗೆದ್ದೆವು ಅಂದ. ಖುರ್ಷೀದ್ ಬೇಗಂ ಏರುದನಿಯಲ್ಲಿ ಬೈದಳು. ಅವನು ಹೆಂಡತಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲೇ ಕೂತ. ಅವನಿಗೆ ಹೆಂಡತಿಯ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ, ಪ್ರೀತಿ ಇದ್ದುದಕ್ಕೇ ಅವಳನ್ನು ಆ ಮೂರನೇ ಮಹಡಿಗೆ ಒಯ್ಯಲಾರದಾಗಿದ್ದ. ಪುತಳಾಬಾಯಿ ಅವನ ಕಣ್ಣಿನಲ್ಲಿ ತನ್ನದೇ ಭಯವನ್ನು ಕಂಡಳು. ತಾನು ತುತ್ತಿನ ಜೊತೆ ಉಣಿಸಿದ್ದು ಇವನಲ್ಲಿ ತನಗಿಂತ ದೊಡ್ಡದಾಗಿ ಬೆಳೆದಿದೆ ಅಂತ ಗೊತ್ತಾಗಿ ಅವಳಿಗೆ ತನ್ನ ಮೇಲೇ ಅಸಹ್ಯ ಹುಟ್ಟಿತು. ಬೈದರೆ, ಅತ್ತರೆ, ಕಾಲಿಗೆ ಬಿದ್ದರೆ ಹೋಗುವ ಭಯ ಅದಾಗಿರಲಿಲ್ಲ.

ಅವಳು ಅವನೆದುರು ನೆಲದ ಮೇಲೆ ಕೂತಳು.

“ಸಿದ್ದು, ನೀ ಜೂನ್ ಒಂದಕ್ಕ ಹುಟ್ಟಿಲ್ಲ. ಡೇರೇದಾಗೂ ಹುಟ್ಟಿಲ್ಲ. ಭೂಕಂಪ ಆದ ದಿವಸನೇ ಹುಟ್ಟೀದಿ, ಮಧ್ಯಾಹ್ನ, ಹೊಲದ ಬದುವಿನ್ಯಾಗ. ಇವತ್ತು ನೀ ಹುಟ್ಟಿದ ದಿವಸ ಅದ.”

ಸಿದ್ದಣ್ಣ ತಾಯಿಯನ್ನು ನೋಡಿದ. ಗುರುತಿಲ್ಲದವರನ್ನು ನೋಡಿದಂತೆ ನೋಡಿದ.

“ನಿನಗ ಯಾರೂ ಅಕ್ಕನ್ನ ತಿಂದು ಹುಟ್ಯಾನ ಅನಬಾರ್ದು ಅಂತ ಮುಚ್ಚಿಟ್ಟೆ. ನಿಮ್ಮಪ್ಪಗ ಕೇಳು, ಫೋನ್ ಹಚ್ಚು. ಆ ದಿವಸ ಎಲ್ಲಾ ಒಯ್ತು, ಯಪ್ಪಾ, ಖರೆ. ನಿನ್ನ ಕೊಟ್ಟಿದ್ದೂ ಅದೇ ದಿವಸ. ಅದನ್ನ ನಾ ಯಾವತ್ತೂ ಲೆಕ್ಕಕ್ಕ ಹಿಡೀಲಿಲ್ಲ.”

ಅವನು ಫೋನ್ ಹಚ್ಚಲಿಲ್ಲ. ಎದ್ದು ನಿಂತು ಎರಡು ಹೆಜ್ಜೆ ಆಚೆ ಹೋಗಿ ಬೆನ್ನು ತಿರುಗಿಸಿ ನಿಂತ. ಆ ಹೊತ್ತಿಗೆ ರಾಜೇಶ್ರೀ ವಾಂತಿ ಮಾಡಿಕೊಂಡಳು. ಆ ಸದ್ದಿಗೆ ತಿರುಗಿದವನು ಮತ್ತೆ ಏನೂ ಕೇಳದೆ ಹೆಂಡತಿಯನ್ನು ಎತ್ತಿಕೊಂಡು ಗಾಡಿಯತ್ತ ನಡೆದ. ಪುತಳಾಬಾಯಿ ಹಿಂದೆ ಹತ್ತಿ ಸೊಸೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು.

ಊರು ದಾಟುವುದು ಅಂದು ಮುಗಿಯಲೇ ಇಲ್ಲ. ಮಾರುಕಟ್ಟೆಯ ಹತ್ತಿರ ಟ್ರಾಫಿಕ್ಕು ಕಟ್ಟಿಕೊಂಡಿತ್ತು. ಸಿದ್ದಣ್ಣ ಹಾರ್ನಿನ ಮೇಲಿಂದ ಕೈ ತೆಗೆಯದೆ, ಎದುರು ಬರುವವರ ಬೈಗುಳ ತಿನ್ನುತ್ತ ಸಂದಿಗೊಂದಿಯಲ್ಲಿ ನುಗ್ಗಿಸಿದ. ಪುತಳಾಬಾಯಿ ರಾಜೇಶ್ರೀಯನ್ನು ಮಾತಾಡಿಸುತ್ತಲೇ ಇದ್ದಳು, ನನ್ನ ತಂಗಿ, ನನ್ನವ್ವ, ಕಣ್ಣು ಮುಚ್ಚಬ್ಯಾಡ ಅಂತ. ಮೊದಮೊದಲು ಹೂಂ ಅನ್ನುತ್ತಿದ್ದವಳು ಆಮೇಲೆ ಅನ್ನಲಿಲ್ಲ. ಆಸ್ಪತ್ರೆಯ ಗೇಟಿನಲ್ಲಿ ಗಾಡಿ ನಿಲ್ಲುವಾಗ ಅವಳ ದವಡೆ ಬಿಗಿದು, ಕೈ ಸೆಟೆದು, ಮೈಯೆಲ್ಲ ಅದುರತೊಡಗಿತು. ಸಿಸ್ಟರ್‌ಗಳು ಓಡಿ ಬಂದರು. ಡಾಕ್ಟರ್ ಅಂಬಿಕಾ ಯಾರನ್ನೂ ಬೈಯಲಿಲ್ಲ, ಬೈಯುವಷ್ಟು ಪುರಸೊತ್ತು ಇರಲಿಲ್ಲ. ಸ್ಟ್ರೆಚರ್ ಲಿಫ್ಟಿನೊಳಗೆ ಹೋಗಿ ಬಾಗಿಲು ಮುಚ್ಚಿಕೊಂಡಿತು.

ಪುತಳಾಬಾಯಿ ಮೆಟ್ಟಿಲ ಬುಡದಲ್ಲಿ ಒಂದು ಕ್ಷಣ ನಿಂತಳು. ಭೂಕಂಪವಾದಂದಿನಿಂದ ಈ ತಾರೀಖಿಗೆ ಅವಳು ಯಾವ ಸೂರಿನ ಕೆಳಗೂ ತಲೆ ತೂರಿಸಿರಲಿಲ್ಲ. ಈಗ ತಲೆಯ ಮೇಲೆ ಐದು ಅಂತಸ್ತು. ಗೋಡೆ ಹಿಡಿದು ಹಿಡಿದು ಹತ್ತಿದಳು. ಪ್ರತಿ ತಿರುವಿನಲ್ಲೂ ಮೇಲೆ ನೋಡಿದಳು, ಆದರೂ ಹತ್ತಿದಳು. ಭಯ ಹೋಗಿರಲಿಲ್ಲ, ಹೋಗುವಂಥದ್ದೂ ಅಲ್ಲ. ಕಾಲು ಮಾತ್ರ ಮುಂದಕ್ಕೇ ಇಡುತ್ತಿದ್ದಳು.

ಮೇಲೆ ಆಪರೇಷನ್ ಕೋಣೆಯ ಮುಂದಿನ ಬೆಂಚಿನ ಆ ತುದಿಗೆ ಸಿದ್ದಣ್ಣ ಕೂತಿದ್ದ. ಇವಳು ಈ ತುದಿಗೆ ಕೂತಳು. ನಡುವೆ ಯಾರೂ ಇರಲಿಲ್ಲ, ಆದರೂ ಅವಳು ಹತ್ತಿರ ಸರಿಯಲಿಲ್ಲ. ರಾಜೇಶ್ರೀ ಸತ್ತರೆ ಇವನು ತನ್ನನ್ನು ಜನ್ಮದಲ್ಲಿ ಕ್ಷಮಿಸುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು. ತಾನೂ ಕ್ಷಮಿಸಿಕೊಳ್ಳುವುದಿಲ್ಲ ಅಂದುಕೊಂಡಳು. ಒಳಗೆ ಏನೋ ಬಿದ್ದ ಸದ್ದಾಯಿತು, ಇಬ್ಬರೂ ಒಟ್ಟಿಗೇ ಎದ್ದು ನಿಂತರು, ಒಟ್ಟಿಗೇ ಕೂತರು.

ಕೊನೆಗೊಮ್ಮೆ ಸಿಸ್ಟರ್ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ತಂದು, ಹೆಣ್ಣು, ತೂಕ ಕಡಿಮೆ, ಆದರೆ ಚೆನ್ನಾಗಿ ಅಳುತ್ತಿದೆ ಅಂದಳು. ತಾಯಿ ಹೇಗಿದ್ದಾಳೆ ಅಂದರೆ ಡಾಕ್ಟರ್ ಹೇಳುತ್ತಾರೆ ಅಂತಷ್ಟೇ ಅಂದು ಒಳಗೆ ಹೋದಳು. ಕೂಸನ್ನು ಎದೆಗೆ ಒತ್ತಿಕೊಂಡಿದ್ದರೂ ಪುತಳಾಬಾಯಿಯ ಕಣ್ಣು ಆ ಬಾಗಿಲನ್ನು ಬಿಡಲಿಲ್ಲ. ಸಿದ್ದಣ್ಣ ಕೂಸಿನ ಕಡೆ ತಿರುಗಲೂ ಇಲ್ಲ.

ಡಾಕ್ಟರ್ ಹೊರಬಂದಾಗ ಅವರ ಮುಖದಲ್ಲಿ ಬೆವರಿತ್ತು. ಫಿಟ್ಸ್ ನಿಂತಿದೆ, ಬಿ.ಪಿ. ಇಳಿಯುತ್ತಿದೆ, ಹೆಸರು ಹಿಡಿದು ಕರೆದರೆ ಕಣ್ಣು ಬಿಟ್ಟಳು, ಉಳಿಯುತ್ತಾಳೆ ಅಂದರು. ಇನ್ನಷ್ಟು ತಡವಾಗಿದ್ದರೆ ಈ ಮಾತು ಹೇಳುವ ಹಾಗಿರಲಿಲ್ಲ ಅಂತಲೂ ಅಂದು, ಪುತಳಾಬಾಯಿಯನ್ನು ಒಂದು ನೋಟ ನೋಡಿ ಹೋದರು. ಸಿದ್ದಣ್ಣ ಗೋಡೆಗೆ ಹಣೆ ಹಚ್ಚಿ ನಿಂತುಕೊಂಡ. ಆಮೇಲೆ ಮುಖ ಒರೆಸಿಕೊಂಡು ತಾಯಿಯ ಹತ್ತಿರ ಬಂದು ಕೂತ, ಮಗಳನ್ನು ಎತ್ತಿಕೊಂಡು ನೋಡಿದ. ಮೂಗು, ಕಿವಿ, ಮುಚ್ಚಿದ ಮುಷ್ಟಿ, ಎಲ್ಲ ಒಂದೊಂದಾಗಿ ನೋಡಿದ. ನೋಡುತ್ತ ನೋಡುತ್ತ ತಲೆ ಎತ್ತದೆ ಕೇಳಿದ.

“ಅವ್ವಾ, ನಾ ಹುಟ್ಟಿದಾಗ ನನ್ನ ಮಾರಿ ನೋಡಿದ್ದೇನು?”

ನೋಡಿದ್ದೆ ಅಂದುಬಿಡಬಹುದಿತ್ತು. ಇಷ್ಟು ವರ್ಷ ಒಂದು ಸುಳ್ಳು ಹೇಳಿದವಳಿಗೆ ಇನ್ನೊಂದು ಭಾರವಾಗುತ್ತಿರಲಿಲ್ಲ.

“ಇಲ್ಲಪ್ಪ,” ಅಂದಳು. “ತಂದು ಮಗ್ಗಲದಾಗ ಮಲಗಿಸಿದ್ರು. ನಾ ಕಲ್ಲಿನ ಕಡೀನೇ ನೋಡಾಕತ್ತಿದ್ದೆ. ನಿಮ್ಮಕ್ಕನ್ನ ಹೊರಗ ತಗೀತಾರೇನೋ ಅಂತ.”

ಸಿದ್ದಣ್ಣ ಹೂಂ ಅಂದ. ಸಿಟ್ಟಾಗಲಿಲ್ಲ. ಮಗಳನ್ನು ಇನ್ನಷ್ಟು ಹತ್ತಿರಕ್ಕೆ ಹಿಡಿದುಕೊಂಡ, ಅಷ್ಟೇ.

ಪುತಳಾಬಾಯಿ ಎದ್ದು ಅವನ ಮುಂದೆ ಬಂದು ನಿಂತಳು. ಗಡ್ಡ ಬಿಟ್ಟ, ಹಗಲೆಲ್ಲ ಬೆವರಿ ಧೂಳು ಮೆತ್ತಿದ ಆ ಗಂಡಸಿನ ಮುಖವನ್ನು ಎರಡೂ ಅಂಗೈಯಲ್ಲಿ ಹಿಡಿದು ನೋಡಿದಳು. ಕಾರಿಡಾರಿನಲ್ಲಿ ಹೋಗಿಬರುವವರು ನೋಡುತ್ತಿದ್ದರು, ಅವಳಿಗೆ ಪರಿವೆ ಇರಲಿಲ್ಲ. ಹಣೆ, ಹುಬ್ಬು, ಕೆನ್ನೆ ಎಲ್ಲ ಸವರಿ, ಆಗಷ್ಟೇ ಹುಟ್ಟಿದ ಕೂಸಿಗೆ ಮಾಡುವಂತೆ, ಬೆರಳುಗಳನ್ನು ತನ್ನ ಹಣೆಯ ಎರಡೂ ಬದಿಗೆ ಒತ್ತಿ ಲಟಲಟನೆ ಲಟಿಕೆ ಮುರಿದು ದೃಷ್ಟಿ ತೆಗೆದಳು. ಸಿದ್ದಣ್ಣ ಮಗಳನ್ನು ಎದೆಗವಚಿಕೊಂಡು, ತಾಯಿಯ ಕೈಗೆ ಎಟುಕುವಂತೆ ಮುಖ ಮೇಲೆತ್ತಿ ಕೂತಿದ್ದ.